ಖೈತಾನಿನ ಫ್ಲಾಟಿನಲ್ಲಿ ಚಹಾದಂಗಡಿ

ಕುವೈತಿಗೆ ಆಗಸ್ಟ್ ಹದಿನೈದು ಬರುವುದು ಜನ ಇಲ್ಲದ ಹೊತ್ತಿನಲ್ಲಿ. ಶಾಲೆಗಳಿಗೆ ರಜೆ, ಸಂಸಾರಗಳೆಲ್ಲ ಊರಿಗೆ ಹೋಗಿರುತ್ತವೆ. ಉಳಿಯುವವರು ರಜೆ ಸಿಗದವರು, ಹೆಂಡತಿ ಮಕ್ಕಳನ್ನು ವಿಮಾನ ಹತ್ತಿಸಿ ಬಂದು ಮೂರು ಹೊತ್ತೂ ಉಪ್ಪಿಟ್ಟು ತಿರುವಿಕೊಂಡು ತಿನ್ನುವ ಗಂಡಸರು. ಎರಡು ಸಾವಿರದ ಎಂಟರ ಬೇಸಿಗೆಯಲ್ಲಿ ನಾವೂ ಉಳಿದೆವು. ನನ್ನ ಗಂಡ ಕಾರ್ಖಾನೆಯೊಂದರಲ್ಲಿ ಟೆಕ್ನಿಷಿಯನ್. ಆ ವರ್ಷ ಯಂತ್ರಗಳನ್ನೆಲ್ಲ ನಿಲ್ಲಿಸಿ ರಿಪೇರಿ ಮಾಡುವ ಕೆಲಸ ಬಂದು, ಮಂಜೂರಾಗಿದ್ದ ರಜೆ ಖಲಾಸ್ ಆಯಿತು. ಹತ್ತು ವರ್ಷದ ಮಗಳು ಎರಡು ದಿನ ನಮ್ಮಿಬ್ಬರ ಜೊತೆ ಮಾತು ಬಿಟ್ಟಳು.

ನಾವು ಕುವೈತಿನ ಖೈತಾನ್ ಬಡಾವಣೆಯಲ್ಲಿ, ಕೆಳಗೆ ಕಿರಾಣಿ ಅಂಗಡಿ ಮತ್ತು ಕ್ಷೌರದಂಗಡಿ ಇದ್ದ ಕಟ್ಟಡದ ಮೂರನೇ ಮಹಡಿಯಲ್ಲಿ ಇದ್ದೆವು. ಸುತ್ತಮುತ್ತಲಿನ ಹದಿನೈದು ಇಪ್ಪತ್ತು ಕನ್ನಡದ ಮನೆಗಳವರು ಸೇರಿ ಹಬ್ಬ ಹರಿದಿನ ಮಾಡುತ್ತಿದ್ದೆವು. ಅದಕ್ಕೊಂದು ಹೆಸರೂ ಇರಲಿಲ್ಲ, ನೋಂದಣಿಯೂ ಇರಲಿಲ್ಲ. ಆದರೆ ಒಬ್ಬ ಕಾರ್ಯದರ್ಶಿ ಮಾತ್ರ ಇದ್ದರು. ಕರಾವಳಿಯವರು, ತುಳು ಮನೆಮಾತು, ಫರ್ನಿಚರ್ ಕಂಪನಿಯ ಆಫೀಸಿನಲ್ಲಿ ಕೆಲಸ, ಐವತ್ತೈದರ ಆಸುಪಾಸು. ಯಾರೂ ನೇಮಿಸದಿದ್ದರೂ ಎಲ್ಲವನ್ನೂ ಅವರೇ ಮಾಡುತ್ತಿದ್ದುದರಿಂದ ಎಲ್ಲರೂ ಅವರನ್ನು ಕಾರ್ಯದರ್ಶಿಗಳೇ ಎಂದು ಕರೆಯುತ್ತಿದ್ದೆವು. ಆಗಸ್ಟ್ ಹದಿನೈದಕ್ಕೆ ಬೆಳಿಗ್ಗೆ ರಾಯಭಾರ ಕಚೇರಿಯಲ್ಲಿ ಧ್ವಜವಂದನೆ, ಆಮೇಲೆ ಯಾರದಾದರೂ ಮನೆಯಲ್ಲಿ ಮಕ್ಕಳ ಕಾರ್ಯಕ್ರಮ, ಊಟ. ಆ ವರ್ಷ ನಮ್ಮ ಮನೆ. ಮಕ್ಕಳ ಕಾರ್ಯಕ್ರಮ ನನ್ನ ಪಾಲಿಗೆ ಬಂತು.

ಮಕ್ಕಳೆಂದರೆ ಉಳಿದಿದ್ದವರು ಐದೇ ಜನ. ಎಲ್ಲರಿಗೂ ನನ್ನ ಮಗಳೇ ನಾಯಕಿ. ಸ್ವಾತಂತ್ರ್ಯ ಹೋರಾಟದ ಒಂದು ಸಣ್ಣ ನಾಟಕ ಮಾಡೋಣ ಎಂದೆ.

"ಅಮ್ಮಾ, ನಾಟ್ ಅಗೇನ್! ಪ್ರತಿ ವರ್ಷ ಅದೇ ಮೀಸೆ, ಅದೇ ಕೋಲು," ಎಂದಳು. "ನಾನೇ ಬರೀತೀನಿ."

ಮರುದಿನ ನಾಲ್ಕು ಹಾಳೆ ತಂದುಕೊಟ್ಟಳು. ಇಂಗ್ಲಿಷಿನಲ್ಲಿ ಬರೆದಿದ್ದಳು. ಹೆಸರು ಮಾತ್ರ ಕನ್ನಡದ್ದು: 'ನಾಳೆ ಬರ್ರಿ'. ಹಿಂದಿನ ಬೇಸಿಗೆಯಲ್ಲಿ ಊರಿಗೆ ಹೋದಾಗ ಅವಳ ಜನನ ಪ್ರಮಾಣಪತ್ರದಲ್ಲಿನ ಹೆಸರಿನ ತಪ್ಪು ತಿದ್ದಿಸಲು ಅವಳ ಅಪ್ಪ ಅವಳನ್ನೂ ಕರೆದುಕೊಂಡು ಕಚೇರಿಗೆ ಅಲೆದಿದ್ದರು. ಒಬ್ಬರು ಊಟಕ್ಕೆ ಹೋಗಿದ್ದರು, ಒಬ್ಬರು ಸಹಿ ಹಾಕುವವರು ಬಂದಿಲ್ಲ ಎಂದರು, ಒಬ್ಬರು ತಲೆ ಎತ್ತದೆಯೇ ನಾಳೆ ಬರ್ರಿ ಎಂದರು. ಇವಳು ಎಲ್ಲವನ್ನೂ ನೆನಪಿಟ್ಟುಕೊಂಡಿದ್ದಳು, ಗುಮಾಸ್ತರು ಕಿವಿಯಲ್ಲಿ ಪೆನ್ನು ತಿರುಗಿಸುತ್ತಿದ್ದುದನ್ನೂ. ಓದುತ್ತ ನಾನು ಎಷ್ಟು ನಕ್ಕೆನೆಂದರೆ ಒಲೆಯ ಮೇಲಿನ ಹಾಲು ಉಕ್ಕಿಹೋಯಿತು.

ಕಾರ್ಯದರ್ಶಿಗಳು ನಗಲಿಲ್ಲ. ಕುರ್ಚಿಗಳನ್ನು ಎಲ್ಲಿ ಹಾಕುವುದೆಂದು ನೋಡಲು ಬಂದವರು ಹಾಳೆಗಳನ್ನು ಓದಿ ಕನ್ನಡಕ ತೆಗೆದರು.

"ಇದೆಲ್ಲ ಯಾಕೆ ಮಾರಾಯ್ರೆ? ವರ್ಷದಲ್ಲಿ ಒಂದು ದಿನ. ಆ ದಿನವಾದ್ರೂ ಒಳ್ಳೇದು ಮಾತಾಡುವ. ಬೇರೆಯವರ ದೇಶದಲ್ಲಿ ಕೂತು ನಮ್ಮದನ್ನು ನಾವೇ ಬೈಯುವುದಾ?"

ಮಗಳು ಬಾಗಿಲ ಬಳಿ ನಿಂತಿದ್ದಳು. "ಅಂಕಲ್, ನಾನು ಬೈಯ್ತಾ ಇಲ್ಲ. ಐ ಜಸ್ಟ್ ವಾಂಟ್ ಮೈ ಸರ್ಟಿಫಿಕೇಟ್."

ಅವರ ತುಟಿಯ ಅಂಚು ಸ್ವಲ್ಪ ಅಲುಗಿತು. "ಆಯ್ತು. ಆದ್ರೆ ಲಾಸ್ಟಿಗೆ ಸರ್ಟಿಫಿಕೇಟ್ ಸಿಗಬೇಕು. ಸಿಗದೆ ನಾಟಕ ಮುಗಿಯಬಾರದು."

"ನಿಜವಾಗ್ಲೂ ಸಿಕ್ಕಿಲ್ಲ ಅಂಕಲ್."

"ಇಲ್ಲಿ ಸಿಗಲಿ," ಎಂದು ಅವರು ಕುರ್ಚಿ ಎಣಿಸಲು ಹೋದರು.

ಗುರುವಾರ ಸಂಜೆ ಕೊನೆಯ ತಾಲೀಮು. ಆ ಹೊತ್ತಿಗೆ ಕುವೈತಿನ ಇನ್ನೊಂದು ಊರಾದ ಜಹ್ರಾದಿಂದ ನಮ್ಮ ಮೆಕ್ಯಾನಿಕ್ ಅಣ್ಣ ಬಂದಿದ್ದ. ಅವನ ಬಗ್ಗೆ ಸ್ವಲ್ಪ ಹೇಳಬೇಕು. ವಿಜಾಪುರ ಕಡೆಯವನು, ನನಗಿಂತ ಒಂದೆರಡು ವರ್ಷ ದೊಡ್ಡವನು, ಜಹ್ರಾದ ಒಂದು ಗ್ಯಾರೇಜಿನಲ್ಲಿ ಕೆಲಸ. ಐದು ವರ್ಷಗಳ ಹಿಂದೆ ನಮ್ಮ ಹಳೆಯ ಕಾರು ರಸ್ತೆಯ ಮಧ್ಯೆ ನಿಂತಾಗ ಪರಿಚಯವಾದದ್ದು. ಬಾನೆಟ್ ಒಳಗೆ ತಲೆ ಹಾಕಿಕೊಂಡೇ ಕಾರಿಗೆ ಏನೋ ಬೈದ. ಆ ಬೈಗುಳ ಅಪ್ಪಟ ನಮ್ಮ ಕಡೆಯ ಕನ್ನಡದ್ದು. ನಾನೂ ನನ್ನ ಗಂಡನೂ ಒಟ್ಟಿಗೇ "ಯಾವೂರ್ರಿ?" ಎಂದೆವು. ಅವತ್ತಿನಿಂದ ಎಷ್ಟೋ ಶುಕ್ರವಾರಗಳು ಅವನ ಊಟ ನಮ್ಮಲ್ಲೇ. ಬಂದಾಗಲೆಲ್ಲ ಏನಾದರೂ ಒಂದನ್ನು ರಿಪೇರಿ ಮಾಡದೆ ಹೋಗುತ್ತಿರಲಿಲ್ಲ. ನಮ್ಮ ಗುಂಪಿನ ಬಾವುಟವೂ ಅವನದೇ. ಹುಬ್ಬಳ್ಳಿಯಿಂದ ತಂದ ಖಾದಿಯ ಬಾವುಟ, ಬಿಳಿ ಧೋತರದಲ್ಲಿ ಸುತ್ತಿ ಇಟ್ಟಿರುತ್ತಿದ್ದ. ಬೇರೆ ಯಾರೂ ಅದಕ್ಕೆ ಇಸ್ತ್ರಿ ಮಾಡುವಂತಿರಲಿಲ್ಲ.

ಅವತ್ತು ಅವನು ಮೂಲೆಯಲ್ಲಿ ಕೂತು ಮೈಕಿನ ವೈರು ಬೆಸೆಯುತ್ತಿದ್ದ. ಮಕ್ಕಳಿಗೆ ನಾಟಕ ಎಂಟೇ ನಿಮಿಷಕ್ಕೆ ಮುಗಿಯುತ್ತಿದೆ ಎಂಬ ಚಿಂತೆ. ನನ್ನ ಮಗಳು ಅವನ ಹತ್ತಿರ ಹೋಗಿ, "ಅಂಕಲ್, ಇಂಡಿಯಾದಲ್ಲಿ ರಾಂಗ್ ಇರೋದು ಇನ್ನೊಂದು ಹೇಳಿ. ವೀ ನೀಡ್ ಒನ್ ಮೋರ್ ಸೀನ್," ಎಂದಳು.

ಅವನು ವೈರಿನಿಂದ ಕಣ್ಣು ತೆಗೆಯದೆ ಹೇಳಿದ, "ನಮ್ಮೂರ ಚಾದಂಗಡ್ಯಾಗ ನನಗ ಬ್ಯಾರೆ ಕಪ್ಪ ಇರ್ತಿತ್ತವಾ. ಅದನ್ನ ಹಾಕ್ತೀರೇನು?"

"ನಿಮ್ಗೇ ಅಂತ ಸಪರೇಟಾ? ಲೈಕ್ ವಿಐಪಿ?"

ಅವನು ಜೋರಾಗಿ ನಕ್ಕ. "ಹೂಂ, ವಿಐಪಿ! ಎಲ್ಲಾರೂ ಒಳಗ ಕುಂದ್ರವ್ರು, ನಾವು ಹೊರಗ. ನಮ್ಮ ಕಪ್ಪ ಅಂಗಡಿ ಹಿಂದಿನ ಗೂಡಿನ್ಯಾಗ. ನಾವಽ ತರಬೇಕು, ಅವರು ಮ್ಯಾಲಿಂದ ಸುರೀಬೇಕು, ಕುಡದ ನಾವಽ ತೊಳದ ಇಡಬೇಕು."

"ಬಟ್ ವೈ?"

ಅವನು ನನ್ನ ಕಡೆ ನೋಡಿದ. ದೊಡ್ಡವರು ನಾಲ್ಕೈದು ಜನ ಇದ್ದೆವು. ಒಬ್ಬರು ನೀರು ಕುಡಿಯಲು ಎದ್ದರು. ಕಾರ್ಯದರ್ಶಿಗಳು ಬಲೂನಿನ ಕಟ್ಟು ಬಿಚ್ಚುತ್ತಿದ್ದವರು ಮತ್ತೆ ಕಟ್ಟಿದರು. ಐದು ವರ್ಷ ಅವನು ನಮ್ಮ ಜೊತೆ ಉಂಡಿದ್ದಾನೆ, ಈ ವಿಷಯ ಒಮ್ಮೆಯೂ ಬಂದಿರಲಿಲ್ಲ. ನಾವು ಕೇಳಿಯೂ ಇರಲಿಲ್ಲ.

ನನ್ನ ಮಗಳಿಗೆ ನಾನೇ ಹೇಳಿದೆ. ಜಾತಿ ಎಂದರೇನು ಎಂದು ಹತ್ತು ವರ್ಷದ ಹುಡುಗಿಗೆ, ಅರ್ಧ ಕನ್ನಡದಲ್ಲಿ ಅರ್ಧ ಇಂಗ್ಲಿಷಿನಲ್ಲಿ, ಅವನ ಎದುರೇ ಹೇಳುವುದು ನನ್ನ ಬದುಕಿನ ಕಷ್ಟದ ಕೆಲಸಗಳಲ್ಲೊಂದು. ಅವಳು ಪೂರ್ತಿ ಕೇಳಿಸಿಕೊಂಡು, "ದಟ್ಸ್ ಸೋ ಸ್ಟುಪಿಡ್," ಎಂದು ಪೆನ್ಸಿಲ್ ತೆಗೆದುಕೊಂಡು ಬರೆಯಲು ಕೂತಳು.

ಕಾರ್ಯದರ್ಶಿಗಳು ನನ್ನನ್ನು ಅಡುಗೆಮನೆಯ ಕಡೆ ಕರೆದರು. "ಸರ್ಟಿಫಿಕೇಟಿಂದು ಆಯ್ತು. ಇದು ಬೇಡ. ಯಾರಿಗಾದ್ರೂ ಬೇಸರ ಆದೀತು. ಅವನಿಗೇ ಬೇಸರ ಆದೀತು."

ಅವನು ಅಲ್ಲಿಂದಲೇ ಕೇಳಿಸಿಕೊಂಡ. "ನನಗೇನ ಬ್ಯಾಸರ ಇಲ್ರಿ. ಹಾಕ್ರಿ. ಆದ್ರ ಚಾದಂಗಡಿ ಮಾಲಕ ನಾನಽ ಆಗಾಂವ."

ಎಲ್ಲರೂ ಅವನ ಮುಖ ನೋಡಿದೆವು.

"ಹೌದ್ರಿ. ಆಟಾ ಆಡೂದಾದ್ರ ಒಂದ ಸಲ ನಾನೂ ಗಲ್ಲಾಪೆಟ್ಟಿಗಿ ಮುಂದ ಕುಂದರ್ತೀನಿ," ಎಂದ.

ಹಾಗಾದರೆ ಹೊರಗೆ ನಿಲ್ಲುವವರು ಯಾರು? ಮಕ್ಕಳ ಕೈಯಲ್ಲಿ ಮಾಡಿಸಲು ನನಗೆ ಮನಸ್ಸಾಗಲಿಲ್ಲ. ದೊಡ್ಡವರಲ್ಲಿ ಯಾರೂ ಮುಂದೆ ಬರಲಿಲ್ಲ. ಕೊನೆಗೆ ಕಾರ್ಯದರ್ಶಿಗಳು ಬಲೂನು ಬದಿಗಿಟ್ಟು, "ನಾನು ನಿಲ್ಲುತ್ತೇನೆ. ಯಲ್ಲಾ, ನಡೆಯಿರಿ, ಬೇಗ ಮುಗಿಸುವ," ಎಂದರು. ಯಾರ ಮೇಲೋ ಸಿಟ್ಟು ಬಂದವರಂತೆ ಹೇಳಿದರು, ಯಾರ ಮೇಲೆ ಎಂದು ಮಾತ್ರ ನಮಗೆ ಗೊತ್ತಾಗಲಿಲ್ಲ.

ಮರುದಿನ ಶುಕ್ರವಾರ. ಶ್ರಾವಣ ಶುಕ್ರವಾರವೂ ಹೌದು, ಹೀಗಾಗಿ ಹೋಳಿಗೆ ಆಗಲೇಬೇಕು. ಸೂರ್ಯ ಆಗತಾನೇ ಎದ್ದಿದ್ದ, ಆಗಲೇ ಕಿಟಕಿಯ ಗಾಜು ಬಿಸಿಯಾಗಿತ್ತು. ನಾನು ಹೂರಣ ತಿರುವುತ್ತಿದ್ದೆ. ಗೆಳೆಯರ ರೂಮಿನಲ್ಲಿ ಮಲಗಿದ್ದ ಮೆಕ್ಯಾನಿಕ್ ಅಣ್ಣ ಸ್ನಾನ ಮಾಡಿ, ಬಿಳಿ ಅಂಗಿ ಹಾಕಿಕೊಂಡು, ಬಾವುಟದ ಗಂಟು ಹಿಡಿದು ಬಂದ. ಅಡುಗೆಮನೆಯ ಪಕ್ಕದ ಮೇಜಿನ ಮೇಲೆ ಇಸ್ತ್ರಿ ಶುರುಮಾಡಿದ.

ನನಗೆ ಸರಿಯಾಗಿ ನಿದ್ದೆ ಬಂದಿರಲಿಲ್ಲ. ನಮ್ಮ ಅಜ್ಜಿಯ ಮನೆಯ ಹಿತ್ತಲ ಗೋಡೆಯಲ್ಲಿ ಒಂದು ಗೂಡಿತ್ತು. ಅದರಲ್ಲಿ ಹಿಡಿಕೆ ಮುರಿದ ಎರಡು ಕಪ್ಪುಗಳು ಬೋರಲು ಇರುತ್ತಿದ್ದವು. ಕೆಲಸಕ್ಕೆ ಬಂದವರಿಗೆ ಚಹಾ ಸುರಿಯುವುದು ರಜೆಯಲ್ಲಿ ಹೋದಾಗ ನನ್ನ ಪಾಲಿನ ಕೆಲಸ. ಎಂಟು ವರ್ಷದವಳಿದ್ದೆ. ಒಂದು ಗೇಣು ಮೇಲಿನಿಂದ, ಒಂದು ಹನಿ ಚೆಲ್ಲದಂತೆ ಸುರಿಯುವುದನ್ನು ಕಲಿತಿದ್ದೆ. "ಎಷ್ಟ ಚೊಲೊ ಹಾಕ್ತಾಳ ನೋಡ ಹುಡುಗಿ," ಎಂದು ಅಜ್ಜಿ ಹೊಗಳಿದ್ದಳು. ಆ ಹೊಗಳಿಕೆಗೆ ನಾನು ಹಿಗ್ಗಿದ್ದು ಚೆನ್ನಾಗಿ ನೆನಪಿತ್ತು. ಹಿಂದಿನ ಸಂಜೆ ಮಗಳಿಗೆ ಜಾತಿ ಎಂದರೇನೆಂದು ವಿವರಿಸುವಾಗ ಅದೊಂದನ್ನು ಮಾತ್ರ ಬಿಟ್ಟಿದ್ದೆ.

ಸೌಟು ಕೆಳಗಿಟ್ಟು, "ಒಂದ ಮಾತ ಹೇಳಬೇಕ್ರಿ ಅಣ್ಣಾರ," ಎಂದೆ. "ನಿನ್ನೆ ನೀವು ಹೇಳಿದ ಕಪ್ಪ... ನಮ್ಮಜ್ಜಿ ಮನ್ಯಾಗೂ ಇತ್ತು. ನಾನಽ ಮ್ಯಾಲಿಂದ ಸುರೀತಿದ್ದೆ."

ಇಸ್ತ್ರಿ ನಿಲ್ಲಲಿಲ್ಲ. "ಗೊತ್ತೈತಿ ಬಿಡ್ರಿ ಅಕ್ಕಾರ."

"ಹೆಂಗ ಗೊತ್ತು?"

"ನಿಮ್ಮೂರ ಹೆಸರ ಹೇಳಿದ್ರಲ್ಲ, ಅವತ್ತಽ ಗೊತ್ತಾತು. ನಮ್ಮ ಸೋದರಮಾವನ ಊರ ಅಲ್ಲೇ ಬಾಜೂಕ. ಸಣ್ಣಾವಿದ್ದಾಗ ನಿಮ್ಮೂರ ಸಂತಿಗಿ ಬರ್ತಿದ್ದೆ. ಆ ಸೀಮ್ಯಾಗ ಎಲ್ಲಾ ಮನ್ಯಾಗೂ ಹಂಗಽ ಇತ್ತು."

"ಮತ್ತ ಐದ ವರ್ಷ ನಮ್ಮನಿಗಿ ಹೆಂಗ ಬಂದ್ರಿ? ಸಿಟ್ಟ ಬರಲಿಲ್ಲೇನು?"

ಅವನು ಬಾವುಟವನ್ನು ಮಗ್ಗುಲು ತಿರುಗಿಸಿದ. "ಮೊದಲನೇ ದಿನ ಸುಮ್ನ ನೋಡಾಕಂತ ಬಂದೆ. ಯಾವ ತಾಟಿನ್ಯಾಗ ಹಾಕಿ ಕೊಡ್ತಾರ ನೋಡೂಣು ಅಂತ. ನೀವು ಯಜಮಾನ್ರ ತಾಟಿನ ಜೋಡಿದಽ ಇನ್ನೊಂದ ತಾಟ ಕೊಟ್ರಿ." ಮಡಿಕೆಯ ಮೇಲೆ ಇಸ್ತ್ರಿ ಒತ್ತಿ, "ರೊಟ್ಟಿ ಹೊತ್ತಿದ್ವು. ಆದ್ರ ತಾಟ ಚೊಲೊ ಇತ್ತು," ಎಂದ.

ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಸೆರಗಿನಿಂದ ಮುಖ ಒರೆಸಿಕೊಂಡು, ಕೇಳಬಾರದೇನೋ ಎಂದುಕೊಂಡರೂ ಕೇಳಿಯೇಬಿಟ್ಟೆ. "ಇಷ್ಟೆಲ್ಲಾ ಆಗಿನೂ ಈ ಬಾವುಟದ ಮ್ಯಾಲ ನಿಮಗ ಇಷ್ಟ ಪ್ರೀತಿ ಹೆಂಗ್ರಿ?"

"ಕಪ್ಪ ಬ್ಯಾರೆ ಇಟ್ಟಾವ್ರು ಮಂದಿ, ಬಾವುಟ ಅಲ್ಲ," ಎಂದ. "ಸಾಲ್ಯಾಗ ನನ್ನ ಹೊರಗ ಕುಂದ್ರಸಾಕ ಬಂದಾಗ ಒಬ್ಬ ಮಾಸ್ತರು ಕಾನೂನ ಹೇಳಿ ಒಳಗ ಕುಂದ್ರಸಿದ್ರು. ಐಟಿಐ ಕಲತದ್ದೂ ಹಂಗಽ. ದೇಶ ಕಪ್ಪ ಇಟ್ಟಾವ್ರದಷ್ಟಽ ಅಲ್ರಿ, ನಂದೂ ಐತಿ. ಅವರ ಕೈಯಾಗ ಕೊಟ್ಟ ನಾ ಹ್ಯಾಂಗ ಬಿಡ್ಲಿ?" ಆಮೇಲೆ ಮೂಗು ಅರಳಿಸಿ, "ಅಕ್ಕಾರ, ಹೂರಣ ತಳಾ ಹಿಡಿಯಾಕತ್ತೈತಿ," ಎಂದ.

ಹಿಡಿದೇ ಇತ್ತು. ಓಡಿದೆ.

ಏಳು ಗಂಟೆಯ ಹೊತ್ತಿಗೆ ನಮ್ಮ ನಾಲ್ಕು ಕಾರುಗಳು ರಾಯಭಾರ ಕಚೇರಿ ತಲುಪಿದವು. ಆ ದಿನ ಸಮುದ್ರದ ಹಸಿಗಾಳಿ. ಕಾರಿನಿಂದ ಇಳಿದ ಕೂಡಲೇ ಕನ್ನಡಕ ಮಂಜಾಗಿ ಏನೂ ಕಾಣಲಿಲ್ಲ. ಬಸ್ಸುಗಳಲ್ಲಿ ಬಂದ ಕಾರ್ಮಿಕರು ಕಂಪನಿಯ ಡ್ರೆಸ್ಸಿನಲ್ಲೇ ಸಾಲಾಗಿ ನಿಂತಿದ್ದರು. ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದವರೂ ಇದ್ದರು. ಬಾವುಟ ಏರುವಾಗ ಗಾಳಿ ನಿಂತಿತ್ತು. ಕಂಬದ ತುದಿಯಲ್ಲಿ ಅದು ಬಟ್ಟೆಯಂತೆ ಇಳಿಬಿದ್ದಿತ್ತು. "ಹಾರು, ಹಾರು," ಎಂದು ಪಕ್ಕದ ಸಾಲಿನ ಯಾರೋ ಹಿಂದಿಯಲ್ಲಿ ಪಿಸುಗುಟ್ಟಿದರು. ರಾಷ್ಟ್ರಗೀತೆಯ ಅರ್ಧದಲ್ಲಿ ಒಂದು ಸಣ್ಣ ಗಾಳಿ ಬಂತು, ಒಮ್ಮೆ ಬಿಚ್ಚಿಕೊಂಡಿತು. ಅಷ್ಟಕ್ಕೇ ಜನ ಚಪ್ಪಾಳೆ ತಟ್ಟಿದರು, ಹಾಡು ಮುಗಿಯುವ ಮುಂಚೆಯೇ. ಮೆಕ್ಯಾನಿಕ್ ಅಣ್ಣನ ದನಿ ಎಲ್ಲರಿಗಿಂತ ದೊಡ್ಡದು, ಶ್ರುತಿಯಿಂದ ಎಲ್ಲರಿಗಿಂತ ದೂರ. ನನ್ನ ಮಗಳು ಕಿವಿ ಮುಚ್ಚಿಕೊಳ್ಳಲು ಹೋದಳು, ನಾನು ಕೈ ಹಿಡಿದೆ. ಅದೇ ವಾರ ಒಲಿಂಪಿಕ್ಸ್ ಶೂಟಿಂಗಿನಲ್ಲಿ ನಮಗೊಂದು ಚಿನ್ನ ಬಂದಿತ್ತು. ಸಾಲಿನಲ್ಲಿ ಲಾಡು ತೆಗೆದುಕೊಳ್ಳುವಾಗ ಗುರುತಿಲ್ಲದವರೂ ಅದನ್ನು ತಾವೇ ಹೊಡೆದಂತೆ ಒಬ್ಬರಿಗೊಬ್ಬರು ಅಭಿನಂದನೆ ಹೇಳುತ್ತಿದ್ದರು.

ಮನೆಗೆ ಬಂದ ಮೇಲೆ ನಮ್ಮ ಖಾದಿ ಬಾವುಟವನ್ನು ಹಾಲಿನ ಗೋಡೆಗೆ ಕಟ್ಟಿದೆವು. ತಾರಸಿಯ ಮೇಲೆ ಹಾರಿಸುವ ಧೈರ್ಯ ನಮಗಿರಲಿಲ್ಲ. ಮೂವತ್ತು ಜನ ಒತ್ತಿಕೊಂಡು ಕೂತರು. ಕೆಳಗಿನ ಕಾವಲುಗಾರ, ಈಜಿಪ್ಟಿನವನು, ಚಪ್ಪಲಿಗಳ ರಾಶಿ ನೋಡಿ ಏನು ಗದ್ದಲವೆಂದು ವಿಚಾರಿಸಲು ಬಂದವನು ಕುರ್ಚಿ ಸಿಕ್ಕಿದ್ದರಿಂದ ಕೂತುಬಿಟ್ಟ.

'ನಾಳೆ ಬರ್ರಿ' ಶುರುವಾಯಿತು. ಕನ್ನಡದ ಮಾತುಗಳನ್ನು ಮಕ್ಕಳು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡಿದ್ದರು, 'ಸಾಹೇಬರು ಊಟಕ್ಕೆ ಹೋಗಿದ್ದಾರೆ' ಎಂಬುದು ಒಬ್ಬ ಹುಡುಗಿಯ ಬಾಯಲ್ಲಿ 'ಸಾಹೇಬರು ಊಟಿಗೆ ಹೋಗಿದ್ದಾರೆ' ಎಂದಾಯಿತು. ಜನ ಬಿದ್ದು ಬಿದ್ದು ನಕ್ಕರು. ಕಾವಲುಗಾರನಿಗೆ ಭಾಷೆ ತಿಳಿಯದಿದ್ದರೂ ಗುಮಾಸ್ತ ತಲೆಯೆತ್ತದೆ ಕೈ ಬೀಸಿದ್ದನ್ನು ನೋಡಿ, "ಬುಕ್ರಾ, ಬುಕ್ರಾ!" ಎಂದು ತೊಡೆ ತಟ್ಟಿಕೊಂಡ. ಅರಬ್ಬಿಯಲ್ಲಿ ನಾಳೆ ಎಂದರ್ಥ. ಅವರ ದೇಶದಲ್ಲೂ ಆ ಗುಮಾಸ್ತ ಇದ್ದನೆಂದು ಕಾಣುತ್ತದೆ. ಕೊನೆಗೆ ಕಾರ್ಯದರ್ಶಿಗಳು ಕೇಳಿದ್ದಂತೆ ಸರ್ಟಿಫಿಕೇಟೂ ಸಿಕ್ಕಿತು.

ಆಮೇಲೆ ಚಹಾದಂಗಡಿ. ನಮ್ಮ ಊಟದ ಮೇಜೇ ಅಂಗಡಿ. ಮೆಕ್ಯಾನಿಕ್ ಅಣ್ಣ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹಿಂದೆ ಕೂತ, ನಿಜವಾದ ಚಹಾದ ಕೆಟಲ್ ಮುಂದಿತ್ತು. ಮೂವರು ಮಕ್ಕಳು ಗಿರಾಕಿಗಳಾಗಿ ಬಂದು ಗಾಜಿನ ಲೋಟದಲ್ಲಿ ಚಹಾ ತೆಗೆದುಕೊಂಡು ಕೂತರು. ಕಾರ್ಯದರ್ಶಿಗಳು ತಮ್ಮ ಇಸ್ತ್ರಿಯ ಅಂಗಿಯಲ್ಲೇ, ಚಪ್ಪಲಿ ಕೈಯಲ್ಲಿ ಹಿಡಿದು, ಹಾಲಿನ ಹೊಸ್ತಿಲ ಆಚೆ ನಿಂತರು. ಅವರ ಕೈಯಲ್ಲಿ ನನ್ನ ಮಗಳು ಕೊಟ್ಟಿದ್ದ, ಒಡೆದ ಕಪ್ಪು.

"ಒಂದು ಚಾ," ಎಂದರು ಅವರು. ದನಿ ಸಣ್ಣಗಾಗಿತ್ತು. ನಟನೆಯೋ ಏನೋ, ನನಗೆ ತಿಳಿಯಲಿಲ್ಲ.

ಮಗಳು ಬರೆದಿದ್ದ ಪ್ರಕಾರ ಮಾಲೀಕ ಎದ್ದು ಬಂದು, 'ದೂರ ನಿಲ್ಲು' ಎಂದು ಗದರಿ, ಮೇಲಿನಿಂದ ಸುರಿಯಬೇಕು. ಮೆಕ್ಯಾನಿಕ್ ಅಣ್ಣ ಕೆಟಲ್ ಹಿಡಿದು ಎದ್ದ. ಹೊಸ್ತಿಲವರೆಗೆ ಹೋದ. ಕೆಟಲ್ ಎತ್ತಿದ. ಹಾಗೇ ನಿಂತ. ಆ ಒಡೆದ ಕಪ್ಪಿನೊಳಗೆ ಏನೋ ಬಿದ್ದಿರುವಂತೆ ನೋಡುತ್ತಿದ್ದ. ಮಾತು ಮರೆತನೆಂದುಕೊಂಡು ಮಗಳು ಪರದೆಯ ಹಿಂದಿನಿಂದ "ದೂರ ನಿಲ್ಲು, ದೂರ ನಿಲ್ಲು," ಎಂದು ಪಿಸುಗುಟ್ಟಿದಳು.

ಅವನು ತಿರುಗಿ ಮೇಜಿಗೆ ಬಂದ. ಒಳ್ಳೆಯ ಗಾಜಿನ ಲೋಟವೊಂದನ್ನು ತೆಗೆದು, ತುಂಬ ಸುರಿದು, ಹೋಗಿ ಕಾರ್ಯದರ್ಶಿಗಳ ಕೈಗೇ ಕೊಟ್ಟ. "ತಗೋರಿ. ಒಳಗ ಬಂದ ಕುಂದರ್ರಿ."

"ಅಂಕಲ್, ರಾಂಗ್! ರಾಂಗ್ ಕಪ್!" ಎಂದು ಮಗಳು ಎಲ್ಲರಿಗೂ ಕೇಳುವಂತೆ ಕೂಗಿದಳು.

"ನನ್ನ ಅಂಗಡಿ ಐತವಾ," ಎಂದ ಅವನು. "ನನ್ನ ಅಂಗಡ್ಯಾಗ ಹಿಂಗಽ."

ಕಾರ್ಯದರ್ಶಿಗಳು ಹೊಸ್ತಿಲು ದಾಟಿ ಬಂದು, ಮಕ್ಕಳ ನಡುವೆ ಕೂತು, ಒಂದು ಗುಟುಕು ಕುಡಿದು, "ಸಕ್ಕರೆ ಕಮ್ಮಿ ಉಂಟು ಮಾರಾಯ್ರೆ," ಎಂದರು. ಆಮೇಲೆ ಎದ್ದ ನಗು, ಚಪ್ಪಾಳೆ ಕೆಳಗಿನ ಕಿರಾಣಿ ಅಂಗಡಿಗೂ ಕೇಳಿಸಿರಬೇಕು. ಕಣ್ಣೊರೆಸಿಕೊಳ್ಳುವವರೂ ಇದ್ದರು. ನನ್ನ ಮಗಳೊಬ್ಬಳಿಗೇ ಸಿಟ್ಟು, ಅವಳ ನಾಟಕ ಕೆಟ್ಟಿತ್ತು. "ನೀವು ಲೈನ್ಸ್ ಫಾಲೋ ಮಾಡ್ಲೇ ಇಲ್ಲ," ಎಂದು ಅವನ ಜೊತೆ ಜಗಳವಾಡಿದಳು. ಅವನು ಕಿವಿ ಹಿಡಿದುಕೊಂಡು ಕ್ಷಮೆ ಕೇಳಿದ.

ಊಟಕ್ಕೆ ಕೂತಾಗ ಮಾತಿಗೆ ಮಾತು ಬೆಳೆಯಿತು. ಹೊತ್ತಿದ ಹೂರಣದ ಹೋಳಿಗೆಯನ್ನೂ ಯಾರೂ ಗಮನಿಸದಷ್ಟು. ಒಬ್ಬರು ತಮ್ಮೂರ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯವಿಲ್ಲದ್ದನ್ನು ಹೇಳಿದರು. ಒಬ್ಬರು, ಇಲ್ಲಿ ಮಾತ್ರ ಎಲ್ಲ ಸರಿಯಿದೆಯೇ, ಪಾಸ್‌ಪೋರ್ಟು ಕಫೀಲನ, ಅಂದರೆ ವೀಸಾ ಕೊಟ್ಟ ಯಜಮಾನನ, ಕಪಾಟಿನಲ್ಲಿದ್ದಾಗ ನಾವು ಅನುಭವಿಸಿದ್ದು ಮರೆತುಹೋಯಿತೇ ಎಂದರು. ಕಾವಲುಗಾರ ಎರಡನೇ ಹೋಳಿಗೆ ಕೈಯಲ್ಲಿ ಹಿಡಿದು ಯಾರ ಮಾತೂ ತಿಳಿಯದೆ ಎಲ್ಲರ ಮಾತಿಗೂ ತಲೆಯಾಡಿಸುತ್ತಿದ್ದ. ಬೈದಷ್ಟೂ ಜನರಿಗೆ ಹುರುಪು. ಹೀಗೆ ಬೈಯುತ್ತಲೇ ಎಲ್ಲರೂ ಮುಂದಿನ ರಜೆಗೆ ಎಂದು ಹೋಗುವುದೆಂದು ದಿನ ಲೆಕ್ಕ ಹಾಕುತ್ತಿದ್ದುದು ನನಗೆ ಬಹಳ ಹಿಡಿಸಿತು. ನನ್ನ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಅಜ್ಜಿಯ ಹಿತ್ತಲಲ್ಲಿ ಚಹಾ ಸುರಿಯುತ್ತಿದ್ದ ಹುಡುಗಿ ಯಾರೆಂದು ಆ ಮಧ್ಯಾಹ್ನವೇ ಅವಳಿಗೆ ಹೇಳಿದೆ. "ಯು ವರ್ ಯಂಗರ್ ದ್ಯಾನ್ ಮಿ," ಎಂದಳು. ಕ್ಷಮಿಸಿದಳೋ ದೂರಿದಳೋ ನನಗೆ ಈಗಲೂ ಗೊತ್ತಿಲ್ಲ. ಕೇಳಿಲ್ಲ.

ಮುಂದಿನ ವರ್ಷದ ಆಗಸ್ಟ್ ಸಮೀಪಿಸಿದಾಗ ಕಾರ್ಯದರ್ಶಿಗಳು ತಾವೇ ಫೋನು ಮಾಡಿದರು. "ಈ ಸಲ ಯಾವ ತಪ್ಪು ತೆಗೆಯುವ?" ಎಂದು ಕೇಳಿದರು. ಮಕ್ಕಳು ರಸ್ತೆಯ ಗುಂಡಿಗಳನ್ನು ಆರಿಸಿಕೊಂಡರು. ಮೆಕ್ಯಾನಿಕ್ ಅಣ್ಣ ಹಳೆಯ ಟೈರುಗಳನ್ನು ಜಹ್ರಾದಿಂದ ಹೊತ್ತು ತಂದ. ನಾಟಕದಲ್ಲಿ ರಸ್ತೆಯ ಮಧ್ಯದ ದೊಡ್ಡ ಗುಂಡಿಯಲ್ಲಿ ಒಂದು ಎಮ್ಮೆ ಮಲಗಿರಬೇಕಿತ್ತು. ಆ ಪಾತ್ರವನ್ನು ಕಾರ್ಯದರ್ಶಿಗಳು ಯಾರಿಗೂ ಬಿಟ್ಟುಕೊಡಲಿಲ್ಲ. ಕಪ್ಪು ಕಂಬಳಿ ಹೊದ್ದು, ಮೂರು ಸಲ ಹಾರ್ನ್ ಹೊಡೆದರೂ ಏಳದೆ, ಹಾಲಿನ ನಟ್ಟನಡುವೆ ಮೆಲುಕು ಹಾಕುತ್ತ ಮಲಗಿದ್ದರು.